ಒಂದು ಸವಾಲಿಗೆ ಜವಾಬು

ನಾನು ಹಾಡುವ ಮನುಷ್ಯ, ಬರೆಯುವ ಮನುಷ್ಯ ಅಲ್ಲ. ಕಲಿತದ್ದು ಏಳನೇತ್ತೆ. ನಮ್ಮ ವಾಚನಾಲಯದ ಹುಡುಗರು "ಕಾಕಾ, ಹಾಡಿಕಿ ಬಗ್ಗೆ ನಾಕು ಮಾತು ಬರದು ಕೊಡ್ರಿ" ಅಂತ ವಹಿ ತಂದು ಮುಂದಿಟ್ಟರು. ಹಾಡಿಕೆ ಬಗ್ಗೆ ಆಮೇಲೆ ಬರೆದರಾಯಿತು. ನನ್ನ ಮೇಲೆ ಒಂದು ಬಾಕಿ ಐತಿ, ಮೊದಲು ಅದನ್ನು ತೀರಿಸುತ್ತೇನೆ.

ಹೋದ ವರ್ಷ ಬಸವ ಜಯಂತಿ ಎದುರಿಗೆ ನಮ್ಮೂರ ಜಾತ್ರಿ. ನಮ್ಮದು ಹರದೇಶಿ ಮೇಳ, ಎದುರಿಗೆ ಇಂಡಿ ಕಡೆಯ ನಾಗೇಶಿ ಮೇಳ. ರಾತ್ರಿ ಹತ್ತಕ್ಕೆ ದಪ್ಪು ಬಡಿದರೆ ಬೆಳ್ಳಿ ಮೂಡುವ ತನಕ ಸವಾಲು-ಜವಾಬು. ನಡುರಾತ್ರಿ ದಾಟಿ ಮಂದಿ ತೂಕಡಿಸುವ ಹೊತ್ತಿಗೆ ನಾನು ನನ್ನದೇ ಒಂದು ಪದ ಎತ್ತುತ್ತೇನೆ. ಮೈಗಳ್ಳನ ಪದ. ನಾನೇ ಕಟ್ಟಿದ್ದು, ನಲವತ್ತು ವರ್ಷದಿಂದ ಹಾಡಿದ್ದು. ಮೈ ಮುರಿದು ದುಡಿದವನ ಮನೆ ಹೊಸ್ತಿಲ ಬಡತನ ತುಳಿಯೂದಿಲ್ಲ ಅಂತ ಅದರ ಪಲ್ಲ. ಕಟ್ಟೆಗೆ ಕುಂತು ಎಲಿಅಡಿಕಿ ಜಗಿಯುವವನು, ಹೆಂಡತಿ ದುಡಿದು ತಂದದ್ದನ್ನು ಕುಡಿಯುವವನು, ಹೊಲಕ್ಕೆ ಹೋಗಿ ಬೇವಿನ ಗಿಡದ ನೆರಳಿಗೆ ಮಲಗುವವನು, ಎಲ್ಲರನ್ನೂ ಅದರಾಗ ಎಳೆದು ತಂದು ನಗಿಸುತ್ತೇನೆ. ತೂಕಡಿಸುವವರು ಎದ್ದು ಕೂಡುತ್ತಾರೆ. ಬಕ್ಷೀಸು ಬೀಳುತ್ತದೆ.

ಆ ರಾತ್ರಿಯೂ ಬಿತ್ತು. ಮುಂಜಾನೆ ಹಾಡಿಕೆ ಮುಗಿದು ಚಾ ಕುಡಿಯುತ್ತಿದ್ದೆ. ನಮ್ಮ ಓಣಿಯ ಹೆಣ್ಣುಮಗಳು, ನನಗೆ ದೂರದ ಸಂಬಂಧದಾಗ ಅಣ್ಣನ ಮಗಳು, ಕಪ್ಪು-ಬಸಿ ಎತ್ತಲು ಬಂದವಳು ನಿಂತಳು. ಹದಿಮೂರು ವರ್ಷದಿಂದ ಗಂಡ-ಹೆಂಡತಿ ಕಬ್ಬು ಕಡಿಯಲು ಹೋಗುತ್ತಾರೆ. ಯುಗಾದಿಗೆ ತಿರುಗಿ ಬಂದಿದ್ದರು. ಆಕೆ ಸಿಟ್ಟಿಗೇನೂ ಬಂದಿರಲಿಲ್ಲ, ನಕ್ಕೋತನೇ ಕೇಳಿದಳು:

"ಕಾಕಾ, ನಾ ಮುಂಜಾನಿ ಮೂರಕ್ಕ ಏಳ್ತೀನಿ. ಕತ್ತಲ್ದಾಗ ಕೊಯ್ತಾ ಹಿಡೀತೀನಿ. ಹೊತ್ತ ಮುಣಿಗಿದ ಮ್ಯಾಲ ಗಾಡಿ ತುಂಬ್ತೀನಿ. ನಾ ಮೈಗಳ್ಳಿ ಏನು?"

"ನಿನಗಲ್ಲ ಬಿಡಯವ್ವಾ, ಅದು ಮೈಗಳ್ಳರಿಗೆ ಅಂದದ್ದು" ಅಂದೆ.

"ಹಂಗಾದ್ರ ನಾ ಯಾಕ ಬಡವಿ ಅದೀನಿ? ಅದನ್ನೂ ಪದದಾಗ ಹೇಳಬೇಕಿತ್ತಲ್ಲ" ಅಂದು ಕಪ್ಪು-ಬಸಿ ತಗೊಂಡು ಹೋದಳು.

ಎಂಥೆಂಥ ನಾಗೇಶಿ ಮೇಳದವರ ಸವಾಲಿಗೆ ನಿಂತಲ್ಲೇ ಜವಾಬು ಕಟ್ಟಿದವ ನಾನು. ಪುರಾಣದ ಗಂಟು ಬಿಚ್ಚಿ ತೋರಿಸಿದವ. ಆಕೆಯ ಮುಂದೆ ಬಾಯಿ ಬೀಗ ಬಿತ್ತು. ಈ ಬರಹವೇ ಆಕೆಗೆ ನನ್ನ ಜವಾಬು. ತಡವಾಯಿತು.

ಮೊದಲು ಒಂದು ಮಾತು ಒಪ್ಪಿಕೊಳ್ಳುತ್ತೇನೆ. ಆ ರಾತ್ರಿ ನನ್ನ ಪದಕ್ಕೆ ನೂರರ ನೋಟು ಕೊಟ್ಟವರು ಯಾರು ಅಂತ ಆಮೇಲೆ ಕೂತು ನೆನೆಸಿದೆ. ಒಬ್ಬ ಟೋಳಿಯ ಮುಕಾದಮ. ಒಬ್ಬ ಬಡ್ಡಿಗೆ ರೊಕ್ಕ ಕೊಡುವವ. ಒಬ್ಬ ನೀರಾವರಿ ಜಮೀನು ಇದ್ದವ. ಬಡವರೂ ಕೊಟ್ಟರು, ಹತ್ತು ಇಪ್ಪತ್ತು. ಅವರು ಕೊಟ್ಟದ್ದು ಮತ್ತೊಬ್ಬ ಬಡವನನ್ನು ನಾನು ಅಣಕಿಸಿದ್ದಕ್ಕೆ. ಕಟ್ಟೆಗೆ ಕೂತ ಆ ಮಾವನನ್ನು, ಈ ಕುಡುಕನನ್ನು. ನಾನು ಹಾಡಿದ್ದು ಯಾರಿಗೆ ಸುಖ ಕೊಟ್ಟಿತು ಅಂತ ನಲವತ್ತು ವರ್ಷ ಕೇಳಿಕೊಂಡಿರಲಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಗಂಡ-ಹೆಂಡತಿ ಕೂಡಿ ಒಂದು ಕೊಯ್ತಾ. ದಸರಾ-ದೀಪಾವಳಿ ಮುಂದೆ ಮುಕಾದಮ ಬಂದು ಉಚಲ ಕೊಡುತ್ತಾನೆ. ಒಂದು ಲಕ್ಷ ಅಂತ ಹಿಡಿಯಿರಿ. ಆ ಲಕ್ಷ ಕೈಗೆ ಬಂದು ಮನೆ ಮುಟ್ಟುವುದರೊಳಗೆ ಅರ್ಧ ಹಳೇ ಸಾಲಕ್ಕೆ ಹೋಗಿರುತ್ತದೆ. ಕಡಿಯುವ ದರ ಟನ್ನಿಗೆ 273 ರೂಪಾಯಿ ಇದ್ದದ್ದು 2024ರ ಜನವರಿಯಲ್ಲಿ 366 ಆಯಿತು, ಅದೂ ವರ್ಷಗಟ್ಟಲೆ ಸಂಪು, ಮಾತುಕತೆ ಆದ ಮೇಲೆ. ಗಟ್ಟಿಮುಟ್ಟಾದ ಜೋಡಿ ದಿನಕ್ಕೆ ಎರಡು ಟನ್ನು ಕಡಿದರೆ 732. ಇಬ್ಬರಿಗೂ ಕೂಡಿ. ಒಂದು ಲಕ್ಷ ಹರಿಯಬೇಕಾದರೆ ನೂರಾ ಮೂವತ್ತೇಳು ದಿನ ಒಂದು ದಿನವೂ ತಪ್ಪದೆ ಕಡಿಯಬೇಕು. ಮೈಯಾಗ ಜ್ವರ ಬರಬಾರದು. ಹೆಂಗಸಿಗೆ ತಿಂಗಳ ತ್ರಾಸು ಆಗಬಾರದು. ಅಕಾಲ ಮಳೆ ಬಂದು ಗಾಡಿ ಹೊಲದಾಗ ಹೂತು ನಿಲ್ಲಬಾರದು. ಒಂದು ದಿನ ಕೊಪ್ಪದಾಗ ಉಳಿದರೆ ಖಾಡಾ ಅಂತ ದಂಡ, ಅದನ್ನು ಉಚಲದ ಮೇಲೆ ಏರಿಸುತ್ತಾರೆ. ಇಷ್ಟರ ನಡುವೆ ಹೊಟ್ಟೆಗೆ ಜೋಳ, ಎಣ್ಣೆ, ಕೂಸಿಗೆ ಔಷಧ ಯಾವ ರೊಕ್ಕದಾಗ? ಅದೂ ಮುಕಾದಮನ ಕೈಯಿಂದಲೇ. ಯುಗಾದಿಗೆ ತಿರುಗಿ ಬಂದಾಗ ಹತ್ತು-ಹದಿನೈದು ಸಾವಿರ ಬಾಕಿ ಉಳಿದಿರುತ್ತದೆ. ಆ ಬಾಕಿಯೇ ಮುಂದಿನ ವರ್ಷದ ಕರೆ.

ಇದರಾಗ ಮೈಗಳ್ಳತನ ಎಲ್ಲೈತಿ, ಹುಡುಕಿ ಕೊಡ್ರಿ.

ಬೀಡ ಜಿಲ್ಲೆಯ ಸುದ್ದಿ ನೀವು ಓದಿರಬೇಕು. ಅದು ಕಬ್ಬು ಕಡಿಯುವವರ ಜಿಲ್ಲೆ. ಅಲ್ಲಿ ಮೂರು ವರ್ಷದೊಳಗೆ 4,605 ಹೆಂಗಸರ ಗರ್ಭಚೀಲ ತೆಗೆದಿದ್ದಾರೆ ಅಂತ 2019ರಲ್ಲಿ ಆರೋಗ್ಯ ಮಂತ್ರಿಯೇ ವಿಧಾನ ಪರಿಷತ್ತಿನಲ್ಲಿ ಹೇಳಿದರು. ಅವರೆಲ್ಲ ಕಬ್ಬಿನವರೇ ಅಂತ ನಾನು ಹೇಳುವುದಿಲ್ಲ. ಆದರೆ ಕಬ್ಬಿಗೆ ಹೋಗುವ ಹೆಣ್ಣುಮಕ್ಕಳು ದುಡಿಮೆ ತಪ್ಪಬಾರದು, ಖಾಡಾ ಬೀಳಬಾರದು ಅಂತ ಹೊಟ್ಟೆ ಕೊಯ್ಯಿಸಿಕೊಂಡದ್ದು ಆಗ ಊರೂರಿಗೆ ತಿಳಿಯಿತು. ದುಡಿಮೆ ಮೇಲೆ ಇದಕ್ಕಿಂತ ಹೆಚ್ಚಿನ ನಿಷ್ಠೆ ಯಾವ ಸ್ವಾಮಿಗಳ ಪ್ರವಚನದಾಗ ಕೇಳೀರಿ?

ಇನ್ನು ಮೈಗಳ್ಳತನದ ಖರೇ ಪರೀಕ್ಷೆ ಒಂದನ್ನು ನಾನು ಕಣ್ಣಾರೆ ಕಂಡವ. 1972ರ ಬರ. ನನಗೆ ಹದಿನಾಲ್ಕು. ಝಡ್‌ಪಿ ಕನ್ನಡ ಶಾಲೆಯಲ್ಲಿ ಏಳನೇತ್ತೆ ಮುಗಿಸಿದ್ದೆ, ಮುಂದೆ ಹೋಗಬೇಕು ಅನ್ನುವಷ್ಟರಲ್ಲಿ ಬಾವಿ ತಳ ಕಂಡಿತು. ಎತ್ತಿಗೆ ಹಾಕಲು ಛಪ್ಪರದ ಹುಲ್ಲು ಕಿತ್ತೆವು. ಆಮೇಲೆ ಎತ್ತೂ ಹೋದವು. ಸರಕಾರ ಖಡಿ ಒಡೆಯುವ ಕೆಲಸ, ರಸ್ತೆ, ಪಾಝರ ತಲಾವು ತೆಗೆಯಿತು. ಮಂದಿಗೆ ಅಮೇರಿಕಾದ ಕೆಂಪು ಮೈಲೋ ಜೋಳ, ಮಕ್ಕಳಿಗೆ ಸುಕಡಿ. ಆ ಮೈಲೋ ರೊಟ್ಟಿ ಬಡಿಯಲು ಬರುತ್ತಿರಲಿಲ್ಲ, ಒಡೆದು ಒಡೆದು ಬೀಳುತ್ತಿತ್ತು. ನಮ್ಮವ್ವ ಅದಕ್ಕೆ ಬಿಸಿನೀರು ಹಾಕಿ ನಾದಿ ನಾದಿ ಅಳುತ್ತಿದ್ದಳು. ಇರಲಿ, ಅದು ಬೇರೆ ಕಥೆ.

ಕೆಲಸ ತೆಗೆದ ಮೊದಲ ದಿನ ಹೊತ್ತು ಹುಟ್ಟುವ ಮುಂಚೆ ಇಡೀ ಊರು ಬುಟ್ಟಿ, ಸಲಿಕೆ ಹಿಡಿದು ಅಲ್ಲಿ ನಿಂತಿತ್ತು. ಯಾರನ್ನು ಊರವರು ಮೈಗಳ್ಳ ಅಂತಿದ್ದರೋ ಆ ಮುದುಕನೂ ಇದ್ದ. ಆತ ಕಲ್ಲು ಒಡೆದದ್ದು ನೋಡಿ ನಾನೇ ದಂಗಾದೆ. ಕೆಲಸ ಇಲ್ಲದ ಊರಾಗ ಕಟ್ಟೆಗೆ ಕೂತವನನ್ನು ನೋಡಿ ಇವ ಕೂತಿದ್ದರಿಂದ ಬಡವ ಅನ್ನುತ್ತೀವಿ. ಕೆಲಸ ಇಲ್ಲದ್ದರಿಂದ ಕೂತಾನ ಅಂತ ಅನ್ನೂದಿಲ್ಲ.

ಈ ಮಾತು ತಿಳಿದ ಒಬ್ಬ ದೊಡ್ಡ ಮನುಷ್ಯ ನಮ್ಮ ಸಾಂಗಲಿ ಜಿಲ್ಲೆಯಲ್ಲೇ ಇದ್ದರು. ವಿ. ಸ. ಪಾಗೆ. ವಿಧಾನ ಪರಿಷತ್ತಿನ ಸಭಾಪತಿ ಆಗಿದ್ದವರು. ಕೆಲಸ ಕೇಳಿದವರಿಗೆ ಕೆಲಸ ಕೊಡಲೇಬೇಕು ಅನ್ನುವ ವಿಚಾರವನ್ನು 1965ರಲ್ಲಿ ತಾಸಗಾಂವ ಕಡೆ ಮೊದಲು ಪ್ರಯೋಗ ಮಾಡಿದರು. ಅದೇ ಮುಂದೆ ರೋಜಗಾರ ಹಮೀ ಯೋಜನೆ ಆಯಿತು, 1977ರಲ್ಲಿ ಕಾಯದೆ ಆಯಿತು. 2005ರಲ್ಲಿ ಇಡೀ ದೇಶಕ್ಕೆ ಅಂಥದೇ ಕಾಯದೆ ಬಂತು. ಅದರ ಒಳಗುಟ್ಟು ನೋಡ್ರಿ. ಹೊಟ್ಟೆ ತುಂಬಿದವ ಬಿಸಿಲಾಗ ಕಲ್ಲು ಒಡೆಯಲು ಬರುವುದಿಲ್ಲ. ಬಂದವನೇ ಬಡವ, ಬಂದವನೇ ದುಡಿಯುವವ. ಬೇರೆ ದಾಖಲೆ ಬೇಕಿಲ್ಲ. ಬಡವನ ಮೇಲೆ ಅಷ್ಟು ನಂಬಿಕೆ ಇಟ್ಟು ಯೋಚನೆ ಮಾಡಿದವರು ಇದ್ದ ಜಿಲ್ಲೆಯಲ್ಲಿ ನಾನು ಮೈಗಳ್ಳನ ಪದ ಹಾಡುತ್ತಾ ತಿರುಗಿದೆ.

ನನ್ನ ಬೀಗನೊಬ್ಬನ ಕಥೆ ಹೇಳದಿದ್ದರೆ ಈ ಬರಹ ಪೂರಾ ಆಗುವುದಿಲ್ಲ. ಆತ ಓದಿದರೂ ಓದಲಿ, ಹೆಸರು ಬರೆದಿಲ್ಲ. ನಮ್ಮ ಜತ್ತ ತಾಲೂಕಿನ ಪಶ್ಚಿಮ ಭಾಗದವ. ಇಸ್ಪೀಟು ಆಡುವುದರಲ್ಲಿ ಸುತ್ತ ಹತ್ತು ಹಳ್ಳಿಗೆ ಹೆಸರಾದವ. ಮುಂಜಾನೆ ಹತ್ತರ ಮುಂಚೆ ಎದ್ದದ್ದನ್ನು ಆತನ ಹೆಂಡತಿಯೂ ನೋಡಿರಲಿಲ್ಲ. ಕೃಷ್ಣೆಯ ನೀರನ್ನು ಮ್ಹೈಸಾಳದಿಂದ ಎತ್ತಿ ಹಂತ ಹಂತವಾಗಿ ಮೇಲೆ ತರುವ ಯೋಜನೆ ಅವರ ಹೊಲದ ಬದುವಿಗೆ ಬಂತು. ನೀರು ಮೇಲೆ ಏರಿತು, ಬೀಗನೂ ಏರಿದ. ದ್ರಾಕ್ಷಿ ಹಚ್ಚಿದ, ಬೇದಾಣಿ ಮಾಡಿದ, ಮನೆ ಕಟ್ಟಿದ. ಈಗ ಪ್ರಗತಿಪರ ರೈತ ಅಂತ ಶಾಲು ಹೊದಿಸುತ್ತಾರೆ, ಆತ ಮೈಕ್ ಹಿಡಿದು ಪೂರ್ವಭಾಗದವರು ದುಡಿಯುವುದಿಲ್ಲ ಅಂತ ಭಾಷಣ ಮಾಡುತ್ತಾನೆ! ಮೊನ್ನೆ ಮೊನ್ನೆ ಕೂಡ ಹತ್ತಕ್ಕೇ ಎದ್ದಾನ, ನಾ ಅವರ ಮನಿಯಾಗ ಇದ್ದೆ.

ಅದೇ ತಾಲೂಕು, ಅದೇ ಮಣ್ಣು, ಅದೇ ಜಾತಿ, ಅದೇ ಬೇಸಾಯ. ನಮ್ಮ ಪೂರ್ವಭಾಗದ ಕನ್ನಡ ಹಳ್ಳಿಗಳಿಗೆ ಆ ನೀರು ಮುಟ್ಟಲಿಲ್ಲ. 2022ರ ಕೊನೆಗೆ ಕರ್ನಾಟಕದ ಮುಖ್ಯಮಂತ್ರಿ ನಮ್ಮ ಹಳ್ಳಿಗಳ ಹೆಸರು ಎತ್ತಿದಾಗ ಎರಡೂ ಕಡೆ ಟಿವಿಯಲ್ಲಿ ಗದ್ದಲವಾಯಿತು. ನಾವು ಬಹಳ ಹಿಂದೆಯೇ ಗ್ರಾಮಸಭೆಯಲ್ಲಿ ಠರಾವು ಮಾಡಿ ಕೇಳಿದ್ದು ರಾಜ್ಯ ಅಲ್ಲ, ನೀರು. ನೀರು ಕೊಡದಿದ್ದರೆ ಆ ಕಡೆ ಕಳಿಸ್ರಿ ಅಂದದ್ದು. ಗದ್ದಲ ಆದ ಮೇಲೆ ಇಲ್ಲಿಯ ಸರಕಾರ ವಿಸ್ತಾರಿತ ಮ್ಹೈಸಾಳ ಯೋಜನೆಗೆ ಮಂಜೂರಿ ಕೊಟ್ಟಿತು. ನೀರು ಬಂದ ದಿನ ನಮ್ಮಲ್ಲೂ ಪ್ರಗತಿಪರ ರೈತರು ಹುಟ್ಟುತ್ತಾರೆ. ಅವತ್ತು ಅವರಿಗೆ ನಾನೇ ಕೇಳುವವ: ನಿಮ್ಮ ಬೆನ್ನೆಲುಬು ನಿನ್ನೆ ಎಲ್ಲಿತ್ತಪಾ?

ಗಡಿಯ ಮಂದಿಗೆ ಇನ್ನೊಂದು ತೊಡಕು ಐತಿ, ಕಾಗದದ್ದು. ಸಾತಬಾರಾ ಉತಾರೆ ಮರಾಠಿ. ಅರ್ಜಿ ಮರಾಠಿ. ನಾವು ಮಾತಾಡಲಿಕ್ಕೆ ಮರಾಠಿ ಬಲ್ಲೆವು, ಕಾಗದದ ಮರಾಠಿ ಬೇರೆ. ನನ್ನ ಹೆಸರಿನಲ್ಲಿ ಒಂದು ಒತ್ತಕ್ಷರ ಐತಿ. ಉತಾರೆಯಲ್ಲಿ ಅದು ಬಿದ್ದುಹೋಗಿದೆ, ಬ್ಯಾಂಕಿನ ಪುಸ್ತಕದಾಗ ಉಳಿದಿದೆ. ಒಂದು ವರ್ಷ ಬರದ ಪರಿಹಾರ ಊರಿಗೆಲ್ಲ ಬಂತು, ನನಗೆ ಬರಲಿಲ್ಲ. ಒಂದು ಕಚೇರಿಯಿಂದ ಇನ್ನೊಂದಕ್ಕೆ ಹನ್ನೊಂದು ಸಲ ಹೋದೆ. ಬಸ್ಸಿನ ಖರ್ಚು ಕೂಡಿಸಿದರೆ ಪರಿಹಾರದ ಅರ್ಧ ಆಯಿತು, ಬಿಟ್ಟೆ. ಆ ಸಾಹೇಬರು ಬೈಯಲಿಲ್ಲ, ನಗುತ್ತಲೇ ಅಂದರು: "ಕಾಗದಪತ್ರ ಸರಿಯಾಗಿ ಇಟ್ಕೊಳ್ಳೋದು ನಿಮ್ಮ ಜವಾಬ್ದಾರಿ." ಆ ಅಕ್ಷರ ತೆಗೆದವನ ಜವಾಬ್ದಾರಿ ಯಾರು ಕೇಳಬೇಕು?

ಇಲ್ಲಿಯವರೆಗೆ ಓದಿ ನಮ್ಮ ಹುಡುಗರು ಚಪ್ಪಾಳೆ ಹೊಡೆಯಬಹುದು. ತಡೀರಿ. ನಾನು ಹರದೇಶಿಯವ, ಎದುರಿನವರ ಮಾತಿನಾಗ ಖರೇ ಎಷ್ಟೈತಿ ಅಂತ ತೂಗದೆ ಜವಾಬು ಕಟ್ಟಿದರೆ ಅದು ಹಾಡಿಕೆ ಅಲ್ಲ, ಜಗಳ.

ನಾನು ಎಂಟು ವರ್ಷ ಕುಡಿದೆ. ಯಾರೂ ಬಾಯಿಗೆ ಸುರಿಯಲಿಲ್ಲ. ಹಾಡಿಕೆಗೆ ಹೋದಲ್ಲಿ ಕುಡಿಸುವವರು ಸಿಗುತ್ತಾರೆ, ಖರೇ. ಬಾಯಿ ತೆರೆದವ ನಾನು. ಆ ಎಂಟು ವರ್ಷ ಹೆಂಡತಿಯ ಕಳೆ ತೆಗೆದ ಕೂಲಿಯಲ್ಲಿ ಮನೆ ನಡೆಯಿತು. ದಾಳಿಂಬೆ ಹಚ್ಚಿ ಕೊಳವೆಬಾವಿ ಐದು ಹೊಡೆಸಿದೆ. ಮೊದಲಿನ ಎರಡು ಅವಶ್ಯ ಇದ್ದವು. ಉಳಿದ ಮೂರು ಹಟ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನೀರು ತೋರಿಸುವವನು ಕಾಯಿ ಎದ್ದು ನಿಂತಿತು ಅಂದ, ನಾ ನಂಬಿದೆ. ಕಾಯಿ ನಿಂತಿತು, ನಾ ಬಿದ್ದೆ. ಉಳಿದ ಗಿಡಗಳನ್ನು ತೇಲ್ಯಾ ರೋಗ ತಿಂದಿತು. 2009ರಲ್ಲಿ ಮಗಳ ಲಗ್ನಕ್ಕೆ ಹಳ್ಳದ ದಂಡೆಯ ಒಂದು ಎಕರೆ ಮಾರಿದೆ. ಬೀಗರು ಅಷ್ಟು ಕೇಳಿರಲಿಲ್ಲ. ಹಾಡಿಕೆಯವನ ಮಗಳ ಲಗ್ನ, ಹತ್ತು ಊರಿನವರು ಬಂದು ಉಣ್ಣಬೇಕು ಅಂತ ನಾನೇ ಕುಣಿದೆ. ಬ್ಯಾಂಡು, ಪೆಂಡಾಲು, ಹುಗ್ಗಿ. ಮಗಳು "ಅಪ್ಪಾ, ಹೊಲ ಬ್ಯಾಡೋ" ಅಂದಿದ್ದಳು. ಆ ಎಕರೆಯ ಬದುವಿನ ಮೇಲೆ ಹಾದು ಹೋಗುವಾಗ ಈಗಲೂ ಮುಖ ಆ ಕಡೆ ತಿರುಗಿಸುವುದಿಲ್ಲ.

ಇದನ್ನು ಸರಕಾರದ ತಲೆಗೆ ಕಟ್ಟಲೇ? ಹಣೆಬರಹದ ತಲೆಗೆ ಕಟ್ಟಲೇ? ನಮ್ಮ ಮಂದಿಗೆ ಅದೊಂದು ಚಟ ಹತ್ತಿದೆ. ಗ್ರಾಮಸಭೆಗೆ ಕರೆದರೆ ಬರುವುದಿಲ್ಲ, ಮತಕ್ಕೆ ಐದುನೂರು ತಗೋತಾರೆ, ಆಮೇಲೆ ಐದು ವರ್ಷ "ನಮ್ಮ ಹಣೆಬರಹ" ಅನ್ನುತ್ತಾರೆ. ನಾನು ಇದಕ್ಕೂ ಒಪ್ಪುವವ ಅಲ್ಲ.

ಆದರೆ ಶಾಲು ಹೊದ್ದು ಭಾಷಣ ಮಾಡುವವರು ಎಲ್ಲಿ ತಪ್ಪುತ್ತಾರೆ ಅಂದರೆ, ತಪ್ಪು ಬಡವನೊಬ್ಬನೇ ಮಾಡುತ್ತಾನೆ ಅಂತ ತಿಳಿದಿದ್ದಾರೆ. ನಮ್ಮ ಕಡೆ ದೊಡ್ಡ ಜಮೀನುದಾರನೊಬ್ಬ ಒಂದೇ ವರ್ಷ ಒಂಬತ್ತು ಬೋರು ಹೊಡೆಸಿದ, ಒಂಬತ್ತೂ ಒಣ. ಆತನನ್ನು ಹಠವಾದಿ ರೈತ, ಛಲಗಾರ ಅಂದರು. ನಾನು ಐದು ಹೊಡೆಸಿದ್ದಕ್ಕೆ ದುಂದುಗಾರ. ಆತನೂ ಕುಡಿಯುತ್ತಾನೆ, ಮನೆ ಮಾಳಿಗೆ ಮೇಲೆ ಕೂತು. ಆತನೂ ಮಗಳ ಲಗ್ನ ಮಾಡಿದ, ನನ್ನ ಹತ್ತು ಪಟ್ಟು. ಆತನ ಹೊಲ ಒಂದು ಗುಂಟೆ ಕಡಿಮೆ ಆಗಲಿಲ್ಲ. ತಪ್ಪು ಒಂದೇ ಇದ್ದರೂ ದಂಡ ಬೇರೆ ಬೇರೆ. ಇದ್ದವ ಹತ್ತು ಸಲ ಎಡವಿದರೂ ಗಾದಿ ಮೇಲೆ ಬೀಳುತ್ತಾನೆ. ಇಲ್ಲದವ ಒಂದು ಸಲ ಎಡವಿದರೆ ಬಾವಿಗೆ ಬೀಳುತ್ತಾನೆ, ಹಿಂದೆ ಮಕ್ಕಳೂ ಬೀಳುತ್ತಾರೆ. ನೋಡಿ ನಡಿ ಅಂತ ಹೇಳುವುದು ಸರಿ. ಬಾವಿಗೆ ಕಟ್ಟೆ ಯಾಕ ಕಟ್ಟಲಿಲ್ಲ ಅಂತಲೂ ಕೇಳಬೇಕೋ ಬೇಡವೋ?

ಅವರ ಹತ್ತಿರ ಇನ್ನೊಂದು ಬಾಣ ಇರುತ್ತದೆ: "ನಿಮ್ಮೂರ ಆ ಹುಡುಗನ್ನ ನೋಡ್ರಿ, ಗುಡಿಸಲದಾಗ ಹುಟ್ಟಿ ಸಾಹೇಬ ಆದ." ಆಗಿದ್ದಾನೆ. ಹೆಮ್ಮೆಯ ಹುಡುಗ. ಆದರೆ ಆತ ಓದುವಾಗ ಆತನ ಅಕ್ಕ ನಾಲ್ಕನೇತ್ತೆಗೆ ಶಾಲೆ ಬಿಟ್ಟು ಆಡು ಕಾಯ್ದಳು, ಟ್ಯಾಂಕರ್ ಬಂದಾಗ ಕೊಡ ಹಿಡಿದು ನಿಂತಳು. ಹುಡುಗ ಸತ್ಕಾರದ ದಿನ ಇದನ್ನೇ ಹೇಳಿ ಅತ್ತ. ಆಕೆಯೂ ಅಷ್ಟೇ ಶಾಣ್ಯಾ ಇದ್ದಳು. ಆಕೆ ಈಗ ಕಬ್ಬಿನ ಟೋಳಿಯಲ್ಲಿದ್ದಾಳೆ. ಒಬ್ಬ ದಾಟಿದ ಅಂತ ತೋರಿಸುವ ಮುಂಚೆ ಯಾರ ಬೆನ್ನ ಮೇಲೆ ದಾಟಿದ ಅಂತ ನೋಡಬೇಕು.

ಶರಣರ ಹೆಸರು ಹೇಳಿ ಕಾಯಕ ಮಾಡ್ರಿ ಅನ್ನುವವರಿಗೆ ಒಂದು ಮಾತು. ಶರಣರು ಕಾಯಕದ ಜೋಡಿ ದಾಸೋಹ ಇಟ್ಟರು. ಬಡವನಿಗೆ ಕಾಯಕ ಹೇಳಿ, ತಮಗೆ ದಾಸೋಹ ಬಿಟ್ಟು ಬಾಕಿ ಎಲ್ಲ ಇಟ್ಟುಕೊಂಡವರು ಅರ್ಧ ಧರ್ಮ ಹೇಳಿದಂಗ. ಆಯ್ದಕ್ಕಿ ಲಕ್ಕಮ್ಮನ ಕಥೆ ಎಲ್ಲರಿಗೂ ಗೊತ್ತು. ಗಂಡ ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ತಿರುಗಿ ಸುರಿದು ಬಾ ಅಂದಾಕೆ. ಆಕೆ ಬಡವಿ. ಹೆಚ್ಚು ತಂದವನಿಗೆ ಹೇಳಿದ ಆ ಬುದ್ಧಿವಾದವನ್ನು ಈಗ ಕಾರಖಾನೆ ನಡೆಸುವವರ ಮುಂದೆ ಯಾರು ಹೇಳುತ್ತಾರೆ? ನಮ್ಮ ತಾಲೂಕಿನವಳೇ ಆದ ಗುಡ್ಡಾಪುರದ ದಾನಮ್ಮನಿಗೆ ಆ ಹೆಸರು ಬಂದದ್ದು ಕೊಟ್ಟಿದ್ದರಿಂದ. ಬಡವರಿಗೆ ಬುದ್ಧಿ ಹೇಳಿದ್ದರಿಂದ ಅಲ್ಲ.

ಹಂಗಾದ್ರ ಮಾಡೂದೇನು ಅಂತ ಕೇಳಿದರೆ, ನನಗೆ ತಿಳಿದಷ್ಟು ಹೇಳುತ್ತೇನೆ. ಕಬ್ಬಿಗೆ ಹೋಗುವವರ ಮಕ್ಕಳಿಗೆ ಊರಲ್ಲೇ ಹಂಗಾಮಿ ವಸತಿಗೃಹ ನಡೆಸಬಹುದು ಅಂತ ಸರಕಾರದ ಯೋಜನೆ ಐತಿ. ದೀಪಾವಳಿ ಮುಂದೆ ಹೆಡ್‌ಮಾಸ್ತರರ ಹತ್ತಿರ ನಾವೇ ಹೋಗಿ ಕೂತು ಕೇಳಬೇಕು. ಅಜ್ಜ-ಅಜ್ಜಿ ಇದ್ದ ಮನೆಯವರು ಒಂದೊಂದು ಹೊತ್ತು ಮಕ್ಕಳನ್ನು ನೋಡಿದರೂ ಆ ಹುಡುಗರು ಕೊಪ್ಪದಾಗ ಬೆಳೆಯುವುದು ತಪ್ಪುತ್ತದೆ. ಉಚಲ ತಗೊಳ್ಳುವಾಗ ಲೆಕ್ಕ ಎರಡು ಪ್ರತಿ ಆಗಲಿ, ಒಂದು ಮುಕಾದಮನ ಹತ್ತಿರ, ಒಂದು ಈ ವಾಚನಾಲಯದಾಗ, ಕನ್ನಡದಲ್ಲಿ. ಓದು ಬಲ್ಲ ಹುಡುಗರು ಆದಿತ್ಯವಾರ ಎರಡು ತಾಸು ಕೂತು ಮಂದಿಯ ಮರಾಠಿ ಕಾಗದ ಓದಿ ಹೇಳಲಿ. ನನ್ನಂಥವರು ಒತ್ತಕ್ಷರಕ್ಕಾಗಿ ಹನ್ನೊಂದು ಸಲ ತಿರುಗಬಾರದು. ಲಗ್ನದ ಖರ್ಚಿಗೆ ಊರು ಕೂಡಿ ಒಂದು ಗೆರೆ ಎಳೆಯಲಿ. ಮೊದಲ ಸಹಿ ನನ್ನದು, ನನಗೆ ಇನ್ನೊಬ್ಬ ಮೊಮ್ಮಗಳು ಇದ್ದಾಳೆ.

ಪದದ ಸುದ್ದಿ ಹೇಳಿ ಮುಗಿಸುತ್ತೇನೆ. ಈ ಸಲ ಛಟ್ಟಿ ಅಮಾವಾಸ್ಯೆಗೆ ಗುಡ್ಡಾಪುರದಾಗ ಹಾಡಿದೆವು. ಮೈಗಳ್ಳನ ಪದ ಎತ್ತು ಅಂತ ಚೀಟಿ ಬಂತು. ಎತ್ತಿದೆ, ಪಲ್ಲ ಬದಲು ಮಾಡಿದ್ದೆ. ಮೂರಕ್ಕೆ ಎದ್ದು ಕೊಯ್ತಾ ಹಿಡಿದವಳನ್ನು ಒಳಗೆ ತಂದೆ, ಹತ್ತಕ್ಕೆ ಎದ್ದು ಶಾಲು ಹೊದ್ದವನನ್ನೂ ತಂದೆ. ಕುಡುಕನ ನುಡಿ ಹಂಗೇ ಇಟ್ಟೀನಿ, ಅದರಾಗ ಈಗ ನನ್ನ ಹೆಸರೇ ಸೇರಿಸೀನಿ. ಮಂದಿ ನಕ್ಕರು. ಬಕ್ಷೀಸು ಮೊದಲಿನ ಅರ್ಧ ಬಿತ್ತು. ನಮ್ಮ ತಾಳದವ ತಿರುಗಿ ಬರುವಾಗ ಗೊಣಗಿದ, "ಹಳೇದೇ ಚಲೋ ಇತ್ತು ಗುರುವೇ" ಅಂದ.

ಆ ಹೆಣ್ಣುಮಗಳು ಕೇಳಲಿಲ್ಲ. ದೀಪಾವಳಿ ಮುಗಿದ ನಾಲ್ಕನೇ ದಿನಕ್ಕೆ ಟ್ರಕ್ಕು ಬಂದಿತ್ತು. ಹೋದ ವರ್ಷದ ಬಾಕಿ ಹನ್ನೆರಡು ಸಾವಿರ ಇತ್ತು ಅಂತ ಆಕೆಯ ಅತ್ತೆ ಹೇಳಿದಳು. ಯುಗಾದಿಗೆ ಬರುತ್ತಾರೆ.